ದಂಪತಿಗಳೇ, ಈಜು ಕಲಿಯಿರಿ



ಕುಟುಂಬ ಕಲ್ಯಾಣ ಎಂಬ ಮಾತನ್ನು ಕೇಳಿದೊಡನೆ ತಮ್ಮ ಮನಸ್ಸಿಗೆ ಬರುವುದು ಹೆರಿಗೆಗಳ ನಡುವಣ ಅಂತರ, ಮಿತವಾದ ಸಂತಾನ, ಗರ್ಭಿಣಿಯ ಪೋಷಣೆ, ಮಗುವಿಗೆ ಹಾಕಿಸಬೇಕಾದ ಲಸಿಕೆ ಮೊದಲಾದ ವಿಷಯಗಳು. ಇವನ್ನು ತಾವು ಬಹುಮಟ್ಟಿಗೆ ಬಲ್ಲಿರಿ. ಅನೇಕರು ಆಚರಣೆಗೂ ತಂದಿರುವಿರಿ. ಒಂದು ಅಥವಾ ಎರಡು ಮಕ್ಕಳು ಸಾಕೆಂದು ನಿರ್ಧರಿಸುವ ದಂಪತಿಗಳಿಗೆ ಒಂದು ಭರವಸೆ ಬೇಕು. ಹುಟ್ಟಿದ ಮಗು ಬದುಕಿ ಬಾಳುತ್ತದೆ ಎಂಬುದೇ ಆ ಭರವಸೆ. ಚಿಕ್ಕ ಕುಟುಂಬದ ಅಡಿಪಾಯವೇ ಅದು. ಆ ಭರವಸೆಯನ್ನು ಕ್ಷಣಮಾತ್ರದಲ್ಲಿ ಕೊಚ್ಚಿಕೊಂಡು ಹೋಗಬಲ್ಲ ಒಂದು ಅಪಾಯ ನಮ್ಮ ಊರುಗಳ ಅಂಚಿನಲ್ಲಿಯೇ ಇದೆ. ಅದಕ್ಕೆ ಲಸಿಕೆಯಿಲ್ಲ, ಮಾತ್ರೆಯಿಲ್ಲ. ಆದರೆ ಕಲಿಯಬಹುದಾದ ಒಂದು ವಿದ್ಯೆಯಿದೆ. ಆ ವಿದ್ಯೆ ಈಜು.

ನೀರಿನಲ್ಲಿ ಮುಳುಗಿ ಸಾಯುವುದನ್ನು ನಾವು ಹಣೆಬರಹವೆಂದೋ ಗ್ರಹಚಾರವೆಂದೋ ಹೇಳಿ ಸುಮ್ಮನಾಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೆ ಎಣಿಸುವುದಿಲ್ಲ. ಅದರ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ಕಾಲುಭಾಗ ಐದು ವರ್ಷ ತುಂಬದ ಹಸುಳೆಗಳು. ಭಾರತದಲ್ಲಿ ಇತ್ತೀಚಿನ ವರ್ಷಗಳಲ್ಲಿ ಪ್ರತಿ ವರ್ಷವೂ 30 ಸಾವಿರಕ್ಕೂ ಹೆಚ್ಚು ಮಂದಿ ಹೀಗೆ ಪ್ರಾಣ ನೀಗುತ್ತಿದ್ದಾರೆ. ಇಂತಹ ಸಾವುಗಳನ್ನು ತಡೆಗಟ್ಟಲು ಸಾಧ್ಯವೆಂಬುದನ್ನು ಜನರ ಗಮನಕ್ಕೆ ತರುವ ಸಲುವಾಗಿ ವಿಶ್ವಸಂಸ್ಥೆಯು 2021ರಲ್ಲಿ ಜುಲೈ 25ನ್ನು ವಿಶೇಷ ದಿನವನ್ನಾಗಿ ಗೊತ್ತುಪಡಿಸಿತು. ತಡೆಯಬಹುದಾದ ಸಾವನ್ನು ವಿಧಿಯೆಂದು ಕರೆಯುವುದು ತರವಲ್ಲ.

ಈಗ ತಮ್ಮ ತಮ್ಮ ತಾಲ್ಲೂಕನ್ನೇ ನೋಡಿಕೊಳ್ಳಿರಿ. ಶ್ರೀರಂಗಪಟ್ಟಣವು ಕಾವೇರಿಯ ಎರಡು ಕವಲುಗಳ ನಡುವಣ ದ್ವೀಪ. ಪಶ್ಚಿಮವಾಹಿನಿ, ಗೋಸಾಯಿಘಾಟ್, ಗಂಜಾಂನ ನಿಮಿಷಾಂಬಾ ಸನ್ನಿಧಿ, ಸಂಗಮ ಇವೆಲ್ಲ ಪುಣ್ಯಸ್ನಾನದ ಸ್ಥಳಗಳೂ ಹೌದು, ಆಳವನ್ನು ಮರೆಮಾಡಿದ ಮಡುಗಳೂ ಹೌದು. ಬಲಮುರಿ, ಎಡಮುರಿಗಳಲ್ಲಿ ಬಂಡೆಯ ಮೇಲೆ ತೆಳುವಾಗಿ ಹರಿಯುವ ನೀರನ್ನು ಕಂಡು ಮೋಸಹೋದವರು ಅನೇಕರು. ಪಾಂಡವಪುರದಲ್ಲಿ ತೊಣ್ಣೂರು ಕೆರೆಯ ತಿಳಿನೀರು ಕಣ್ಣಿಗೆ ಆಳವಿಲ್ಲದಂತೆ ತೋರುತ್ತದೆ. ಹೊಲಗದ್ದೆಗಳ ಬದಿಯಲ್ಲಿ ವಿಶ್ವೇಶ್ವರಯ್ಯ ನಾಲೆ ಮೈತುಂಬಿ ಹರಿಯುತ್ತದೆ. ಕೃಷ್ಣರಾಜಪೇಟೆಯಲ್ಲಿ ಹೇಮಾವತಿ ನದಿಯಿದೆ, ಕಾಲುವೆಗಳಿವೆ, ಕನ್ನಂಬಾಡಿಯ ಹಿನ್ನೀರು ಇದೆ. ನಾಗಮಂಗಲ ಒಣಸೀಮೆ, ಅಲ್ಲಿ ಈಜಿನ ಅವಶ್ಯಕತೆಯೇನು ಎಂದು ಕೆಲವರು ಕೇಳಬಹುದು. ವಾಸ್ತವವಾಗಿ ಒಣಸೀಮೆಯವರಿಗೇ ಅದು ಹೆಚ್ಚು ಅವಶ್ಯಕ. ವರ್ಷದ ಬಹುಕಾಲ ನೀರನ್ನೇ ಕಾಣದ ಮಗು ಮಳೆ ಬಂದು ಕೆರೆ ಕೋಡಿ ಬಿದ್ದ ದಿನ ಸಂಭ್ರಮದಿಂದ ಓಡುತ್ತದೆ. ಹೂಳೆತ್ತಿದ ಕೆರೆಯ ಅಂಗಳದಲ್ಲಿ ಯಂತ್ರಗಳು ತೋಡಿದ ಗುಂಡಿಗಳು ಎಲ್ಲಿವೆಯೆಂಬುದು ನೀರು ತುಂಬಿದ ಮೇಲೆ ಯಾರಿಗೂ ತಿಳಿಯದು.

ಕೃಷಿಹೊಂಡದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಮಳೆಯಾಶ್ರಿತ ರೈತರಿಗೆ ಅದು ವರದಾನವೇ ಸರಿ. ಆದರೆ ನೀರು ಇಂಗದಂತೆ ಅದರ ಒಡಲಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಕಾಲು ನಿಲ್ಲದು, ಕೈಗೆ ಹಿಡಿತ ಸಿಕ್ಕದು. ಈಜು ಬಲ್ಲವರೂ ಮೇಲೇರಲಾರದೆ ಸೋತುಹೋಗುತ್ತಾರೆ. ಆದ್ದರಿಂದ ಹೊಂಡದ ಸುತ್ತಲೂ ಬೇಲಿ ಹಾಕಿಸುವುದು, ಒಂದು ಬದಿಯಲ್ಲಿ ಗಂಟುಗಳುಳ್ಳ ದಪ್ಪ ಹಗ್ಗವನ್ನು ಗೂಟಕ್ಕೆ ಬಿಗಿದು ನೀರಿನೊಳಕ್ಕೆ ಇಳಿಬಿಡುವುದು ಹೊಂಡದ ಒಡೆಯನ ಕರ್ತವ್ಯ. ಇದಕ್ಕೆ ತಗಲುವ ವೆಚ್ಚ ಅಲ್ಪ.

ಈಜೊಂದೇ ಸಕಲ ಅಪಾಯಗಳಿಗೂ ಪರಿಹಾರವೆಂದು ನಾನು ಹೇಳುತ್ತಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಜಲಸಮಾಧಿಯಾದರು. ಶಾಲೆ ಮುಗಿಸಿ ಮನೆಗೆ ಮರಳುತ್ತಿದ್ದ ಮಕ್ಕಳೂ ಅವರಲ್ಲಿದ್ದರು. ಅಂತಹ ದುರಂತಗಳನ್ನು ತಡೆಯಲು ನಾಲೆಯ ಏರಿಗೆ ಭದ್ರವಾದ ತಡೆಗೋಡೆ ಬೇಕು, ವಾಹನಗಳು ಸುಸ್ಥಿತಿಯಲ್ಲಿರಬೇಕು, ಚಾಲಕನಲ್ಲಿ ಎಚ್ಚರವಿರಬೇಕು. ಆದರೆ ನಮ್ಮ ಹಳ್ಳಿಗಳಲ್ಲಿ ಸದ್ದಿಲ್ಲದೆ ನಡೆಯುವ ಬೇರೊಂದು ಬಗೆಯ ದುರಂತವಿದೆ. ಅದನ್ನು ತಡೆಯುವ ಶಕ್ತಿ ತಮ್ಮ ಕೈಯಲ್ಲಿಯೇ ಇದೆ.

ಬಟ್ಟೆ ಒಗೆಯಲು ತಾಯಿ ಕೆರೆಗೆ ಹೋಗುತ್ತಾಳೆ. ಮಗು ಜೊತೆಯಲ್ಲಿರುತ್ತದೆ. ಮಗುವಿನ ಕಾಲು ಜಾರುತ್ತದೆ. ಈಜು ಬಾರದ ತಾಯಿ ಹಿಂದುಮುಂದು ನೋಡದೆ ಧುಮುಕುತ್ತಾಳೆ. ಆಕೆಯ ಕೂಗು ಕೇಳಿ ಓಡಿಬಂದ ತಂದೆಯೋ ಮೈದುನನೋ ತಾನೂ ಧುಮುಕುತ್ತಾನೆ. ಅವನಿಗೂ ಈಜು ಬಾರದು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂಬ ಗಾದೆಯಂತೆ ಒಬ್ಬರು ಮತ್ತೊಬ್ಬರನ್ನು ತಬ್ಬಿ ಎಲ್ಲರೂ ತಳ ಸೇರುತ್ತಾರೆ. ಒಂದೇ ಮನೆಯಿಂದ ಎರಡು ಮೂರು ಹೆಣಗಳು ಹೊರಡುವ ಇಂತಹ ವಾರ್ತೆಯನ್ನು ತಾವು ಪತ್ರಿಕೆಗಳಲ್ಲಿ ಎಷ್ಟು ಬಾರಿ ಓದಿಲ್ಲ! ಅಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಧೈರ್ಯಕ್ಕೂ ಕೊರತೆಯಿರಲಿಲ್ಲ. ಇಲ್ಲದೆ ಹೋದದ್ದು ವಿದ್ಯೆ ಮಾತ್ರ. ನೀರಿನ ಮುಂದೆ ವಿದ್ಯೆಯಿಲ್ಲದ ಪ್ರೀತಿಯು ಮತ್ತೊಂದು ಪ್ರಾಣವನ್ನು ಬಲಿ ಕೊಡುತ್ತದೆ. ಆದುದರಿಂದಲೇ ಮಕ್ಕಳಿಗೆ ಕಲಿಸಿರಿ ಎಂದು ಹೇಳುವುದಕ್ಕೆ ಮೊದಲು, ತಾವಿಬ್ಬರೂ ಕಲಿಯಿರಿ ಎಂದು ಕೇಳಿಕೊಳ್ಳುತ್ತಿದ್ದೇನೆ.

ನಮ್ಮ ಹಿರಿಯರಿಗೆ ಈ ವಿದ್ಯೆ ತಾನಾಗಿಯೇ ಒದಗುತ್ತಿತ್ತು. ತೋಟದ ಬಾವಿಯೇ ಶಾಲೆ, ಸೋದರಮಾವನೇ ಗುರು. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಹುಡುಗರನ್ನು ನೀರಿಗೆ ಇಳಿಸುತ್ತಿದ್ದರು. ಈಗ ಕೊಳವೆಬಾವಿಗಳು ಬಂದಿವೆ. ತೆರೆದ ಬಾವಿಗಳು ಬತ್ತಿವೆ, ಇಲ್ಲವೇ ಮುಚ್ಚಿಹೋಗಿವೆ. ಹೀಗಾಗಿ ನಿಂತ ನೀರಿನಲ್ಲಿ ಹಿರಿಯರ ಕಣ್ಣೆದುರಿಗೆ ಕಲಿಯುವ ಅವಕಾಶ ತಪ್ಪಿ, ಹುಡುಗರು ಕಳ್ಳತನದಿಂದ ಹರಿಯುವ ನಾಲೆಗೆ ಇಳಿಯುತ್ತಾರೆ. ಹೆಣ್ಣುಮಕ್ಕಳಿಗಂತೂ ಆ ಬಾವಿಯ ಶಾಲೆಯೂ ಬಹುಮಟ್ಟಿಗೆ ದೊರೆಯಲಿಲ್ಲ. ಬಟ್ಟೆ, ಪಾತ್ರೆ, ಬಿಂದಿಗೆಗಳನ್ನು ಹಿಡಿದು ದಿನವೂ ನೀರಿನ ಅಂಚಿಗೆ ಹೋಗುವವಳು ಹೆಣ್ಣು. ಈಜು ಕಲಿಯುವವನು ಮಾತ್ರ ಗಂಡು! ಇದು ಯಾವ ನ್ಯಾಯ?

ಹಾಗಾದರೆ ವಯಸ್ಕರು ಎಲ್ಲಿ ಕಲಿಯಬೇಕು? ಮೈಸೂರಿನ ಸರಸ್ವತೀಪುರಂನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಈಜುಕೊಳವಿದೆ. ಅಲ್ಲಿ ಬೇಸಿಗೆಯಲ್ಲಿ ಸಾರ್ವಜನಿಕರಿಗಾಗಿಯೂ ತರಬೇತಿ ನಡೆಸುತ್ತ ಬಂದಿದ್ದಾರೆ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸುಮಾರು 15 ಕಿಲೋಮೀಟರು ಮಾತ್ರ. ದೂರದ ತಾಲ್ಲೂಕಿನವರು ತಮಗೆ ಸಮೀಪದ ಕಾಲೇಜು ಅಥವಾ ಕ್ರೀಡಾ ಇಲಾಖೆಯ ಈಜುಕೊಳಗಳ ಬಗ್ಗೆ ಜಿಲ್ಲಾ ಯುವಜನ ಸೇವಾ ಕಚೇರಿಯಲ್ಲಿ ವಿಚಾರಿಸಬಹುದು. ಹೊರಡುವ ಮುನ್ನ ತರಗತಿಯ ವೇಳೆ, ಶುಲ್ಕ, ಮಹಿಳೆಯರಿಗೆ ಪ್ರತ್ಯೇಕ ಸಮಯವಿದೆಯೇ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಒಂದೇ ಊರಿನ ನಾಲ್ಕಾರು ದಂಪತಿಗಳು ಒಟ್ಟಾಗಿ ಸೇರಿದರೆ ಸಂಕೋಚವೂ ಕಡಿಮೆ, ಪ್ರಯಾಣದ ವೆಚ್ಚವೂ ಕಡಿಮೆ. ನೆರೆಯ ಬಾಂಗ್ಲಾದೇಶದಲ್ಲಿ ಹಳ್ಳಿಯ ಕೊಳದಲ್ಲಿಯೇ ಬಿದಿರಿನ ಅಟ್ಟಣೆಯನ್ನೂ ಕಟಾಂಜನವನ್ನೂ ಕಟ್ಟಿ, ತರಬೇತಿ ಪಡೆದ ಊರಿನವರಿಂದಲೇ ಮಕ್ಕಳಿಗೆ ಈಜು ಕಲಿಸುತ್ತಿದ್ದಾರೆ. ಮನಸ್ಸು ಮಾಡಿದರೆ ನಮ್ಮ ಗ್ರಾಮ ಪಂಚಾಯಿತಿಗಳೂ ಇದನ್ನು ಮಾಡಬಲ್ಲವು. ಆದರೆ ತರಬೇತಿಯುಳ್ಳ ಗುರುವಿಲ್ಲದೆ ಕೆರೆಯಲ್ಲಾಗಲಿ ನಾಲೆಯಲ್ಲಾಗಲಿ ಕಲಿಯಲು ಇಳಿಯಬಾರದು. ರಂಗನತಿಟ್ಟಿನ ಸುತ್ತಣ ಕಾವೇರಿಯಲ್ಲಿ ಮೊಸಳೆಗಳಿವೆ ಎಂಬುದೂ ನೆನಪಿರಲಿ.

ಹೊಸಬರ ತರಗತಿಯಲ್ಲಿ ಏನು ನಡೆಯುತ್ತದೆಂಬುದನ್ನು ತಿಳಿಸಿದರೆ ತಮ್ಮ ಅಂಜಿಕೆ ಅರ್ಧ ಇಳಿಯುತ್ತದೆ. ಮೊದಲ ದಿನ ಯಾರೂ ತಮ್ಮನ್ನು ಆಳಕ್ಕೆ ತಳ್ಳುವುದಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು, ಕೊಳದ ಅಂಚನ್ನು ಹಿಡಿದು, ನಡೆದಾಡುವುದೇ ಮೊದಲ ಪಾಠ. ಎರಡನೆಯದು ಉಸಿರಿನ ಪಾಠ. ಬಾಯಿಂದ ಉಸಿರೆಳೆದುಕೊಂಡು, ಮುಖವನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆಗಳೇಳುವಂತೆ ಮೆಲ್ಲನೆ ಹೊರಬಿಡಬೇಕು. ಇದು ಮಕ್ಕಳಾಟದಂತೆ ತೋರಿದರೂ ಇಡೀ ವಿದ್ಯೆಯ ಬೇರು ಇದೇ. ನೀರಿನಲ್ಲಿ ಮನುಷ್ಯನನ್ನು ಮೊದಲು ಸೋಲಿಸುವುದು ಗಾಬರಿ. ಉಸಿರು ಹತೋಟಿಗೆ ಬಂದರೆ ಗಾಬರಿ ತಾನಾಗಿಯೇ ಅಡಗುತ್ತದೆ.

ಮೂರನೆಯದು ತೇಲುವ ಪಾಠ. ಶ್ವಾಸಕೋಶಗಳಲ್ಲಿ ಗಾಳಿ ತುಂಬಿರುವಾಗ ಮನುಷ್ಯನ ದೇಹವು ಸಾಮಾನ್ಯವಾಗಿ ನೀರಿಗಿಂತ ಕೊಂಚ ಹಗುರ. ಅಂಗಾತ ಮಲಗಿ, ಕಿವಿಗಳು ನೀರಿನಲ್ಲಿ ಮುಳುಗುವಂತೆ ತಲೆಯನ್ನು ಹಿಂದಕ್ಕೆ ಒರಗಿಸಿ, ಎದೆಯನ್ನು ಮೇಲೆತ್ತಿ, ಕೈಗಳನ್ನು ಅಗಲಿಸಿದರೆ ನೀರೇ ತಮ್ಮನ್ನು ಹೊರುತ್ತದೆ. ಕೈಗಳನ್ನು ಮೇಲಕ್ಕೆತ್ತಿ ಕೂಗಿದರೆ ಆ ಕೈಗಳ ಭಾರವೇ ಮುಖವನ್ನು ಕೆಳಕ್ಕೆ ಒತ್ತುತ್ತದೆ. ಹೀಗೆ ಒಂದು ನಿಮಿಷ ಅಲುಗದೆ ತೇಲಿದ ದಿನ, ಅದುವರೆಗೆ ಶತ್ರುವಿನಂತಿದ್ದ ನೀರು ಮಿತ್ರನಾಗಿ ತೋರುತ್ತದೆ. ಅನಂತರ ಅಂಚಿನಿಂದ ಕಾಲನ್ನು ಒದ್ದು ಬಾಣದಂತೆ ಜಾರುವುದು, ಮೊಣಕಾಲು ಬಿಗಿಯದೆ ತೊಡೆಯಿಂದ ಕಾಲು ಬಡಿಯುವುದು, ಕೈಗಳಿಂದ ನೀರನ್ನು ಹಿಂದಕ್ಕೆ ಸರಿಸುವುದು, ಇವುಗಳೊಡನೆ ಉಸಿರನ್ನು ಹೊಂದಿಸುವುದು. ದಿನಕ್ಕೊಂದು ಗಂಟೆಯಂತೆ ಮೂರು ನಾಲ್ಕು ವಾರ ತಪ್ಪದೆ ಹೋದಲ್ಲಿ ಬಹುತೇಕರು ಇಷ್ಟನ್ನು ಕಲಿಯುತ್ತಾರೆ. ನೀರಿನಲ್ಲಿ ಬಿದ್ದೊಡನೆ ಮೇಲೆದ್ದು ಬರುವುದು, ತೇಲಿ ದಣಿವಾರಿಸಿಕೊಳ್ಳುವುದು, ದಡದ ಕಡೆಗೆ ತಿರುಗಿ 25 ಮೀಟರು ಈಜಿ ಮೇಲೆ ಹತ್ತುವುದು ಇವಿಷ್ಟು ಬಂದರೆ ಸಾಮಾನ್ಯ ಸಂಸಾರಿಗೆ ಸಾಕು. ಪದಕಗಳು ನಮಗೆ ಬೇಕಾಗಿಲ್ಲ.

ವಯಸ್ಸಾಯಿತಲ್ಲ, ಜನರು ನಗುವುದಿಲ್ಲವೇ ಎಂದು ಕೆಲವರು ಹಿಂಜರಿಯುವುದುಂಟು. ಮೂವತ್ತು ನಲವತ್ತರ ವಯಸ್ಸಿನವರು ಕಲಿಯುವುದು ಈಗ ಈಜುಕೊಳಗಳಲ್ಲಿ ಸಾಮಾನ್ಯ ಸಂಗತಿ. ಚಿಕ್ಕಂದಿನಲ್ಲಿ ಮುಳುಗಿ ಬದುಕಿದ ಭಯ ಇನ್ನೂ ಇದೆ ಎಂದು ಹೇಳುವವರೂ ಇದ್ದಾರೆ. ಬೆಂಗಳೂರಿನ ನಿಶಾ ಮಿಲೆಟ್ ಅವರು ಐದನೆಯ ವಯಸ್ಸಿನಲ್ಲಿ ಮುಳುಗುವುದರಿಂದ ಪಾರಾದವರು. ಆ ಭಯವನ್ನು ಹೋಗಲಾಡಿಸಲೆಂದೇ ತಂದೆಯವರು ಅವರಿಗೆ ಈಜು ಕಲಿಸಿದರು. 2000ದ ಸಿಡ್ನಿ ಒಲಿಂಪಿಕ್ ಕ್ರೀಡೆಗಳಲ್ಲಿ ಅವರು ಭಾರತವನ್ನು ಪ್ರತಿನಿಧಿಸಿದರು. ಭಯವು ಕಲಿಯದಿರುವುದಕ್ಕೆ ನೆಪವಾಗಬಾರದು, ಕಲಿಯುವುದಕ್ಕೆ ಕಾರಣವಾಗಬೇಕು.

ಉಡುಪಿನ ಬಗ್ಗೆ ಸಹೋದರಿಯರು ಸಂಕೋಚಪಡಬೇಕಾಗಿಲ್ಲ. ತೋಳು, ಕಾಲುಗಳನ್ನು ಮುಚ್ಚುವ, ಮೈಗೆ ಹೊಂದಿಕೊಳ್ಳುವ ಈಜುಡುಪುಗಳು ಈಗ ದೊರೆಯುತ್ತವೆ. ಸೀರೆಯುಟ್ಟು ಕಲಿಯುವುದು ಮಾತ್ರ ಅಪಾಯ. ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಪತಿಯಾದವನು ಈ ವಿಷಯದಲ್ಲಿ ಪತ್ನಿಗೆ ಬೆಂಬಲವಾಗಿ ನಿಲ್ಲಬೇಕು. ಆಕೆ ತರಗತಿಗೆ ಹೋದ ಆ ಒಂದು ಗಂಟೆ ಮಗುವನ್ನು ತಾನು ನೋಡಿಕೊಂಡರೆ ಅದೂ ಕುಟುಂಬ ಕಲ್ಯಾಣವೇ.

ಇನ್ನು ದಂಪತಿಗಳು ಸಾಮಾನ್ಯವಾಗಿ ಕೇಳುವ ಕೆಲವು ಪ್ರಶ್ನೆಗಳಿಗೆ ಉತ್ತರ ಹೇಳುತ್ತೇನೆ. ವಂಕಿ ಧರಿಸಿದವರು ನಿಶ್ಚಿಂತೆಯಿಂದ ಈಜಬಹುದು. ಈಜಿನಿಂದ ಅದು ಜಾರಿಬೀಳುವುದಿಲ್ಲ. ನುಂಗುವ ಮಾತ್ರೆ ಸೇವಿಸುವವರಿಗೂ ತೊಂದರೆಯಿಲ್ಲ. ಪುರುಷರ ಸಂತಾನ ನಿರೋಧ ಶಸ್ತ್ರಚಿಕಿತ್ಸೆಯಾದ ಬಳಿಕ ಒಂದು ವಾರ ನೀರಿಗೆ ಇಳಿಯಬಾರದು. ಮಹಿಳೆಯರು ಟ್ಯೂಬೆಕ್ಟಮಿಯ ಗಾಯ ಪೂರ್ಣ ಮಾಗಿ ವೈದ್ಯರು ಒಪ್ಪಿಗೆ ಕೊಡುವವರೆಗೆ ಕಾಯಬೇಕು. ಬಾಣಂತಿಯರು ಆರು ವಾರ ಕಳೆದು, ಸ್ರಾವ ನಿಂತು, ತಪಾಸಣೆಯಾದ ಮೇಲೆ ಆರಂಭಿಸಬಹುದು. ಈಜು ಬಲ್ಲ ಆರೋಗ್ಯವಂತ ಗರ್ಭಿಣಿಗೆ ಶುಚಿಯಾದ ಕೊಳದಲ್ಲಿ ಈಜುವುದು ಒಳ್ಳೆಯ ವ್ಯಾಯಾಮವೇ. ಆದರೂ ವೈದ್ಯರನ್ನು ಕೇಳಿಯೇ ಇಳಿಯಬೇಕು. ಮೂರ್ಛೆರೋಗ ಅಥವಾ ಹೃದಯದ ತೊಂದರೆ ಇರುವವರು ವೈದ್ಯರ ಸಲಹೆಯಿಲ್ಲದೆ ಇಳಿಯಬಾರದು. ಮದ್ಯ ಸೇವಿಸಿದವರು ನೀರಿನ ಬಳಿಗೇ ಸುಳಿಯಬಾರದು.

ಈಗ ಮಕ್ಕಳ ವಿಷಯ. ಐದು ವರ್ಷದೊಳಗಿನ ಮಗುವಿಗೆ ಈಜಿಗಿಂತ ಕಾವಲು ಮುಖ್ಯ. ಹಸುಳೆಯ ಪ್ರಾಣ ಹೋಗಲು ಗೇಣುದ್ದ ನೀರು ಸಾಕು. ಬಚ್ಚಲ ತೊಟ್ಟಿ, ದನಕ್ಕಿಟ್ಟ ಬಾನಿ, ಮುಚ್ಚದ ಸಂಪು ಎಲ್ಲವೂ ಅಪಾಯವೇ. ಮುಳುಗುವ ಮಗು ಕೂಗುವುದಿಲ್ಲ. ಸದ್ದಿಲ್ಲದೆ ಒಂದೆರಡು ನಿಮಿಷದಲ್ಲಿ ಎಲ್ಲವೂ ಮುಗಿದಿರುತ್ತದೆ. ಆದ್ದರಿಂದ ಕೆಲಸದ ವೇಳೆಯಲ್ಲಿ ಮಗುವನ್ನು ಹೊಲದ ಬದಿಯಲ್ಲೋ ನಾಲೆಯ ಏರಿಯಲ್ಲೋ ಬಿಡದೆ, ಮೂರು ವರ್ಷ ತುಂಬಿದವರನ್ನು ಅಂಗನವಾಡಿಗೆ ಕಳುಹಿಸಿರಿ. ಅದಕ್ಕಿಂತ ಚಿಕ್ಕವರಿಗಾಗಿ 2023ರಿಂದೀಚೆಗೆ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ಕೂಸಿನ ಮನೆಯನ್ನು ಉಪಯೋಗಿಸಿಕೊಳ್ಳಿರಿ. ಆರು ವರ್ಷ ದಾಟಿದ ಮೇಲೆ ಗಂಡು, ಹೆಣ್ಣು ಎಂಬ ಭೇದವಿಲ್ಲದೆ ಈಜು ಕಲಿಸಿರಿ. ಕಲಿತ ಮಗುವೂ ಹಿರಿಯರಿಲ್ಲದೆ ನೀರಿಗಿಳಿಯಬಾರದೆಂಬ ನಿಯಮ ಮನೆಯಲ್ಲಿರಲಿ.

ಈಜು ಕಲಿತವರು ಸಹ ಮುಳುಗುವವರ ಬಳಿಗೆ ಏಕಾಏಕಿ ಧುಮುಕಬಾರದು. ಮೊದಲು ಜನರನ್ನು ಕೂಗಿ ಕರೆಯಿರಿ. ಅನಂತರ ದಡದಲ್ಲಿಯೇ ಮಲಗಿ ಬಿದಿರುಗಳವನ್ನೋ ಕೊಂಬೆಯನ್ನೋ ಚಾಚಿರಿ. ದೂರವಿದ್ದರೆ ಹಗ್ಗ, ಗಂಟುಹಾಕಿದ ಸೀರೆ ಅಥವಾ ಪಂಚೆ, ಗಾಳಿ ತುಂಬಿದ ಟ್ಯೂಬು, ಬಿಗಿಯಾಗಿ ಮುಚ್ಚಿದ ಖಾಲಿ ಕ್ಯಾನು ಇವುಗಳಲ್ಲಿ ಯಾವುದಾದರೊಂದನ್ನು ಎಸೆಯಿರಿ. ಬಟ್ಟೆ ಒಗೆಯುವ ಸೋಪಾನದ ಬಳಿ ಒಂದು ಹಗ್ಗವನ್ನೂ ಒಂದು ಖಾಲಿ ಕ್ಯಾನನ್ನೂ ಸದಾ ಕಟ್ಟಿಟ್ಟಿದ್ದರೆ ಎಂದಾದರೊಂದು ದಿನ ಒಂದು ಮನೆಯ ದೀಪ ಉಳಿದೀತು.

ಮೇಲೆತ್ತಿದವರನ್ನು ತಲೆಕೆಳಗಾಗಿ ತೂಗುವುದು, ಹೊಟ್ಟೆಯನ್ನು ಒತ್ತಿ ನೀರು ಕಕ್ಕಿಸುವುದು, ಉಪ್ಪಿನ ರಾಶಿಯಲ್ಲಿ ಹೂಳುವುದು ಇವೆಲ್ಲ ನಿಷ್ಪ್ರಯೋಜಕ; ಅಮೂಲ್ಯವಾದ ನಿಮಿಷಗಳು ವ್ಯರ್ಥವಾಗುತ್ತವೆ. ಒಬ್ಬರು 108ಕ್ಕೆ ಕರೆ ಮಾಡಲಿ. ಎಚ್ಚರವಿಲ್ಲದೆ, ಉಸಿರೂ ಇಲ್ಲದಿದ್ದರೆ ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ, ಹಣೆಯನ್ನು ಹಿಂದಕ್ಕೆ ಬಾಗಿಸಿ ಗದ್ದವನ್ನು ಮೇಲೆತ್ತಿ, ಮೂಗನ್ನು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಉಬ್ಬುವಂತೆ ಎರಡು ಬಾರಿ ಊದಿರಿ. ಬಳಿಕ ಎದೆಯ ನಡುವೆ ಅಂಗೈಯಿಟ್ಟು ಸುಮಾರು 5 ಸೆಂಟಿಮೀಟರು ಇಳಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿರಿ. ಮತ್ತೆ ಎರಡು ಬಾರಿ ಊದಿರಿ. ಚಿಕ್ಕ ಮಗುವಾದರೆ ಒಂದೇ ಅಂಗೈಯಿಂದ, ಎದೆಯ ದಪ್ಪದ ಮೂರನೆಯ ಒಂದು ಭಾಗ ಇಳಿಯುವಷ್ಟು ಒತ್ತಿದರೆ ಸಾಕು. ನೆರವು ಬರುವವರೆಗೆ ನಿಲ್ಲಿಸಬೇಡಿ. ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಇದನ್ನು ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ನೋಡಿ, ಕೈಯಾರೆ ಮಾಡಿ ಕಲಿತುಕೊಳ್ಳಿರಿ.

ಸಹೋದರ ಸಹೋದರಿಯರೇ, ನಮ್ಮ ಸೀಮೆಯ ಬಾಳೆಲ್ಲ ನೀರಿನ ಕೃಪೆ. ಕಬ್ಬು, ಬತ್ತ, ರೇಷ್ಮೆ ಎಲ್ಲವೂ ಅದರ ಋಣ. ನೀರನ್ನು ಬಿಟ್ಟು ನಾವು ಬಾಳಲಾರೆವು. ಆದುದರಿಂದ ನೀರಿನೊಡನೆ ಬಾಳುವುದನ್ನು ಕಲಿಯಬೇಕು. ನೀರಿಗಿಳಿಯದೆ ಈಜು ಬಾರದು. ಈ ರಾತ್ರಿ ಊಟವಾದ ಮೇಲೆ ಪತಿಪತ್ನಿಯರಿಬ್ಬರೂ ಕುಳಿತು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿರಿ: ನಮ್ಮ ಮಗು ನೀರಿಗೆ ಬಿದ್ದರೆ ನಮ್ಮಿಬ್ಬರಲ್ಲಿ ಯಾರು ತರಬಲ್ಲೆವು? ಯಾರೂ ಇಲ್ಲ ಎಂಬುದು ಉತ್ತರವಾದಲ್ಲಿ, ಬರುವ ಬೇಸಿಗೆಯ ಮೂರು ನಾಲ್ಕು ವಾರಗಳನ್ನು ಈ ವಿದ್ಯೆಗಾಗಿ ಮೀಸಲಿಡಿರಿ. ಮಗುವಿಗೆ ತಾವು ಕೊಡಬಹುದಾದ ಆಸ್ತಿಗಳಲ್ಲಿ ಇದೂ ಒಂದು.